ನೆಲ ನಿಜವಾಗಲೂ ಡೊಂಕಾಗಿತ್ತು

ತಮ್ಮ ಹೊಸ ಮೌಸ್ ತೆಗೆದುಕೊಂಡಾಗ ಹಳೆಯದು ನನ್ನ ಪಾಲಿಗೆ ಬಂತು. ಕಪ್ಪು ಬಣ್ಣ, ಹೆಬ್ಬೆರಳಿನ ಪಕ್ಕ ಎರಡು ಬಟನ್, ಅಂಗೈ ಕೂರುವ ಜಾಗದಲ್ಲಿ ಒಂದು ದೀಪ, ಹೊಟ್ಟೆಯ ಗೂಡಿನಲ್ಲಿ ಉಗುರಿನಷ್ಟು ದೊಡ್ಡ ಡಾಂಗಲ್, ಅಂದರೆ ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ವೈರ್ ಇಲ್ಲದೆ ಮೌಸ್ ಜತೆ ಮಾತಾಡುವ ತುಂಡು. "ಅಕ್ಕಾ, ಇದು ಗೇಮಿಂಗ್ ಮೌಸ್. ನಿನ್ನ ಎಕ್ಸೆಲ್ ಶೀಟ್ ಎಳೆಯೋಕೆ ಕೊಡೋದು ಪಾಪ, ಆದ್ರೂ ಇಟ್ಕೋ" ಎಂದ. ನನ್ನ ಕೆಲಸ ಅದೇ ತಾನೇ. ದಿನವಿಡೀ ಉದ್ದುದ್ದ ಶೀಟುಗಳು, ಇನ್ನೂರು ಮುನ್ನೂರು ಪುಟದ ಫೈಲುಗಳು, ತಿದ್ದುವುದು, ಹುಡುಕುವುದು, ಮತ್ತೆ ತಿದ್ದುವುದು. ಅಲ್ಲಿಯವರೆಗೆ ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್ ಒಂದರಲ್ಲೇ ದಿನ ತಳ್ಳಿದ್ದೆ. ಮೌಸ್ ಅಂದರೆ ಡೆಸ್ಕ್‌ಟಾಪ್ ಇಟ್ಟುಕೊಂಡವರ ವಸ್ತು ಅಂತ ನನ್ನ ಲೆಕ್ಕ.

ಮೊದಲ ವಾರ ಚೆನ್ನಾಗಿಯೇ ನಡೆಯಿತು. ಎರಡನೇ ವಾರ ಪಾಯಿಂಟರ್ ಕುಂಟತೊಡಗಿತು. ಯಾವಾಗಲೂ ಅಲ್ಲ, ಆಗಾಗ. ನೆಟ್ಟಗೆ ಹೋಗುತ್ತಿದ್ದ ಬಾಣ ಅರ್ಧ ದಾರಿಯಲ್ಲಿ ನಿಂತುಬಿಡುತ್ತಿತ್ತು, ಇನ್ನೇನಾಯಿತು ಅಂತ ನೋಡುವಷ್ಟರಲ್ಲಿ ನಾಲ್ಕು ಬೆರಳು ಆಚೆ ಹಾರಿ ಕೂತಿರುತ್ತಿತ್ತು. ಒಂದು ಕಾಲಂ ಆರಿಸಲು ಹೋದರೆ ಪಕ್ಕದ ಮೂರು ಕಾಲಂ ಸೇರಿಕೊಳ್ಳುತ್ತಿದ್ದವು. ಸಂಜೆ ತಮ್ಮನ ಜತೆ ಆಟಕ್ಕೆ ಕೂತರಂತೂ ನಾನು ಗುರಿ ಹಿಡಿಯುವಷ್ಟರಲ್ಲಿ ಅವನು ನನ್ನನ್ನು ಹೊಡೆದು ಮುಂದಿನ ಮನೆ ಹೊಕ್ಕಿರುತ್ತಿದ್ದ. "ಈ ಮೌಸ್ ಸರಿಯಿಲ್ಲ ಕಣೋ" ಎಂದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ನಕ್ಕ.

ಆ ಮಾತು ಚುಚ್ಚಿತು. ಅದಕ್ಕೇ ಎಲ್ಲವನ್ನೂ ಒಂದೊಂದಾಗಿ ಪರೀಕ್ಷೆ ಮಾಡಿದೆ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿದೆ. ಹೊಟ್ಟೆ ಕೆಳಗಿನ ಸೆನ್ಸರ್ ತೂತಿನಲ್ಲಿ ಸಿಕ್ಕಿದ್ದ ಕೂದಲು ತೆಗೆದೆ. ಡ್ರೈವರ್, ಅಂದರೆ ಮೌಸ್ ನಡೆಸುವ ಸಾಫ್ಟ್‌ವೇರ್, ತೆಗೆದು ಮತ್ತೆ ಹಾಕಿದೆ. ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದ್ದಂತೂ ಎಷ್ಟು ಸಲವೋ. ಏನೂ ಬದಲಾಗಲಿಲ್ಲ. ಕೊನೆಗೆ ವೈರ್ ಇಲ್ಲದ ಮೌಸ್ ಅಂದರೆ ಹೀಗೇ, ತಡವಾಗುತ್ತೆ, ಎಲ್ಲರೂ ಹೇಳ್ತಾರಲ್ಲ, ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆಮೇಲೆ ಲೆಕ್ಕ ಹಾಕಿ ನೋಡಿದಾಗ ಈ 'ಎಲ್ಲರೂ ಹೇಳ್ತಾರಲ್ಲ' ಅನ್ನುವುದೇ ಹಳೆಯ ಮಾತು ಅಂತ ಗೊತ್ತಾಯಿತು. ಸಾಮಾನ್ಯ ಯುಎಸ್‌ಬಿ ಮೌಸ್ ಸೆಕೆಂಡಿಗೆ 125 ಸಲ ತಾನು ಎಲ್ಲಿದ್ದೇನೆ ಅಂತ ಕಂಪ್ಯೂಟರಿಗೆ ವರದಿ ಕೊಡುತ್ತದೆ. ಅಂದರೆ 8 ಮಿಲಿಸೆಕೆಂಡಿಗೆ ಒಮ್ಮೆ. ಗೇಮಿಂಗ್ ಮೌಸ್ ಇದನ್ನು ಸೆಕೆಂಡಿಗೆ 1000 ಸಲ ಮಾಡುತ್ತದೆ, ಮಿಲಿಸೆಕೆಂಡಿಗೆ ಒಂದು ವರದಿ. ಡಾಂಗಲ್ ಇರುವ ಒಳ್ಳೆಯ ವೈರ್‌ಲೆಸ್ ಗೇಮಿಂಗ್ ಮೌಸ್‌ಗಳೂ ಇದೇ ವೇಗ ಕೊಡುತ್ತವೆ. 8000 ಸಲ ಕೊಡುವವೂ ಬಂದಿವೆ. ಇತ್ತ ನನ್ನ ಲ್ಯಾಪ್‌ಟಾಪ್ ಪರದೆ 60 ಹರ್ಟ್ಸ್‌ನದು, ಚಿತ್ರ ಬದಲಾಗುವುದೇ ಸುಮಾರು 16.7 ಮಿಲಿಸೆಕೆಂಡಿಗೆ ಒಂದು ಸಲ. ಪರದೆ ಒಂದು ಚಿತ್ರ ಬರೆಯುವಷ್ಟರಲ್ಲಿ ಮೌಸ್ ಹದಿನಾರು ಸಲ ಹಾಜರಿ ಹಾಕಿರುತ್ತದೆ. ಕಣ್ಣು ಮಿಟುಕಿಸಲು ನೂರಕ್ಕೂ ಜಾಸ್ತಿ ಮಿಲಿಸೆಕೆಂಡ್ ಬೇಕು. ಈ ಲೆಕ್ಕದಲ್ಲಿ ನಾನು ಸೋಲುವುದಕ್ಕೆ ವೈರ್ ಇಲ್ಲದಿರುವುದು ಕಾರಣ ಅನ್ನಲು ಮುಖವಿಲ್ಲ. ಆದರೆ ಬಾಣ ಹಾರುತ್ತಿದ್ದದ್ದು ನನ್ನ ಕಲ್ಪನೆಯಂತೂ ಅಲ್ಲ.

ಗುಟ್ಟು ಒಂದು ರಾತ್ರಿ ಬಯಲಾಯಿತು. ಆಗಾಗ ಫೈಲುಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡುವ ರೂಢಿ ನನಗೆ. ಲ್ಯಾಪ್‌ಟಾಪ್‌ನ ಬಲಬದಿಗೆ ಎರಡು ಯುಎಸ್‌ಬಿ ಪೋರ್ಟ್ ಇವೆ, ನಡುವೆ ಒಂದು ಬೆರಳಿನಷ್ಟೂ ಅಂತರ ಇಲ್ಲ. ಒಂದರಲ್ಲಿ ಡಿಸ್ಕ್, ಇನ್ನೊಂದರಲ್ಲಿ ಡಾಂಗಲ್. ಅವತ್ತು ಕಾಪಿ ಮುಗಿಯಿತು, ಡಿಸ್ಕ್ ಎಳೆದೆ, ಬಾಣ ಬೆಣ್ಣೆಯ ಮೇಲೆ ಜಾರಿದ ಹಾಗೆ ಓಡಿತು. ಮತ್ತೆ ಚುಚ್ಚಿದೆ. ಕುಂಟಲಿಲ್ಲ. ಅಯ್ಯೋ, ಇದೂ ಅಲ್ವಾ ಅಂದುಕೊಂಡು ಒಂದು ದೊಡ್ಡ ಫೈಲ್ ಕಾಪಿ ಹಾಕಿ ನೋಡಿದೆ. ಶುರುವಾಯಿತು ಕುಂಟು.

ಖಚಿತ ಮಾಡಿಕೊಳ್ಳೋಣ ಅಂತ ಪೇಂಟ್ ತೆರೆದು ಪೆನ್ಸಿಲ್ ಹಿಡಿದು ಸುಮ್ನೆ ಸೊನ್ನೆ ಸುತ್ತಿದೆ. ಡಿಸ್ಕ್ ಸುಮ್ಮನಿದ್ದಾಗ ಸುತ್ತಿದ ಸೊನ್ನೆ ದುಂಡಗೆ ಬಂತು, ಅಂದರೆ ನನ್ನ ಕೈಗೆ ಬರುವಷ್ಟು ದುಂಡಗೆ. ಕಾಪಿ ನಡೆಯುವಾಗ ಸುತ್ತಿದ ಸೊನ್ನೆಗೆ ಮೂಲೆಗಳು ಬಂದವು. ಒಂದು ಕಡೆ ನೆಟ್ಟಗೆ ಗೆರೆ, ಅಲ್ಲಿಂದ ಥಟ್ಟನೆ ತಿರುವು, ಮತ್ತೆ ನೆಟ್ಟಗೆ. ಜೇಡಿಮಣ್ಣಿನ ಉಂಡೆಯನ್ನು ಚಾಕುವಿನಲ್ಲಿ ಕೊಯ್ದ ಹಾಗೆ. ಒಂದೇ ಹಾಳೆಯಲ್ಲಿ ಎಡಗಡೆ ದುಂಡು ಸೊನ್ನೆಗಳ ಸಾಲು, ಬಲಗಡೆ ಮೂಲೆ ಸೊನ್ನೆಗಳ ಸಾಲು. ಆ ಚಿತ್ರ ಇನ್ನೂ ಇಟ್ಟುಕೊಂಡಿದ್ದೇನೆ.

ಕಾರಣ ಹುಡುಕಿದರೆ ಅದು ಎಂದೋ ಗೊತ್ತಿರುವ ಸಂಗತಿ. ಡಾಂಗಲ್ ಮತ್ತು ಮೌಸ್ ಮಾತಾಡುವುದು 2.4 ಗಿಗಾಹರ್ಟ್ಸ್ ಸುತ್ತಮುತ್ತಲಿನ ರೇಡಿಯೋ ಅಲೆಗಳಲ್ಲಿ. ಬ್ಲೂಟೂತ್ ಇರುವುದೂ ಅಲ್ಲೇ, ವೈಫೈನ ಅರ್ಧ ಸಂಸಾರವೂ ಅಲ್ಲೇ. ಅಷ್ಟೇ ಆಗಿದ್ದರೆ ಪರವಾಗಿಲ್ಲ, ಇವೆಲ್ಲ ಒಂದಕ್ಕೊಂದು ದಾರಿ ಬಿಟ್ಟುಕೊಂಡು ಹೇಗೋ ಹೊಂದಿಕೊಳ್ಳುತ್ತವೆ. ಆದರೆ ಯುಎಸ್‌ಬಿ 3.0 ಬಂದ ಮೇಲೆ ಡೇಟಾ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಓಡತೊಡಗಿತು. ಆ ಓಟದಲ್ಲಿ ಕೇಬಲ್, ಕನೆಕ್ಟರ್, ಡಿಸ್ಕಿನ ಡಬ್ಬಿ ಎಲ್ಲದರಿಂದಲೂ ಸ್ವಲ್ಪ ಸ್ವಲ್ಪ ರೇಡಿಯೋ ಗದ್ದಲ ಸೋರುತ್ತದೆ, ಮತ್ತು ಆ ಗದ್ದಲ ಅಗಲವಾಗಿ ಹರಡಿಕೊಂಡು 2.4 ಗಿಗಾಹರ್ಟ್ಸ್ ಜಾಗವನ್ನೂ ತುಂಬುತ್ತದೆ. 2012ರಲ್ಲೇ ಇಂಟೆಲ್ ಇದನ್ನು ಅಳೆದು ಒಂದು ವರದಿ ಬರೆದಿತ್ತು. ಡಾಂಗಲ್‌ನ ಪುಟ್ಟ ಆಂಟೆನಾ ಆ ಗದ್ದಲದ ಬಾಯಿಗೆ ಕಿವಿ ಕೊಟ್ಟು ಕೂತಿರುತ್ತದೆ. ಆಚೆ ಇರುವ ಮೌಸ್ ಪಿಸುಗುಟ್ಟಿದ್ದು ಅದಕ್ಕೆ ಹೇಗೆ ಕೇಳಬೇಕು? ಸಂತೆಯೊಳಗೆ ನಿಂತು ಫೋನಿನಲ್ಲಿ ಗುಟ್ಟು ಕೇಳಿಸಿಕೊಂಡ ಹಾಗೆ. ಕೆಲವು ವರದಿ ತಪ್ಪಿಹೋಗುತ್ತವೆ, ಮುಂದಿನದು ಬಂದಾಗ ಬಾಣ ಹಾರುತ್ತದೆ.

ಮದ್ದು ನಗು ಬರುವಷ್ಟು ಸುಲಭ. ಒಂದು ಅಡಿ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್. ಡಾಂಗಲ್ ಅದರ ತುದಿಗೆ ಹೋಗಿ ಮೌಸ್ ಹತ್ತಿರ ಮೇಜಿನ ಮೇಲೆ ಕೂತಿತು. ಮೂಲೆ ಸೊನ್ನೆಗಳೆಲ್ಲ ಮತ್ತೆ ದುಂಡಗಾದವು. ಗೇಮಿಂಗ್ ಮೌಸ್ ಡಬ್ಬಿಗಳಲ್ಲಿ ಒಂದು ತುಂಡು ಕೇಬಲ್, ಒಂದು ಪುಟ್ಟ ಅಡಾಪ್ಟರ್ ಕೊಡುತ್ತಾರಲ್ಲ, ಇದಕ್ಕೇ. ನನ್ನ ತಮ್ಮ ಅದನ್ನು ಯಾವ ಕಾಲದಲ್ಲೋ ಬಿಸಾಡಿದ್ದ. ಅವನಿಗೆ ಸೊನ್ನೆಗಳ ಚಿತ್ರ ತೋರಿಸಿ "ನೋಡೋ, ನೆಲ ನಿಜವಾಗಲೂ ಡೊಂಕಾಗಿತ್ತು" ಎಂದೆ. ಅವತ್ತು ಸಂಜೆಯೂ ಆಟದಲ್ಲಿ ನಾನೇ ಸೋತೆ. "ನೆಲ ಸರಿಹೋಯ್ತು, ಕುಣಿತ?" ಎಂದ.

ಇರಲಿ. ಆದರೆ ಆವತ್ತಿನಿಂದ ನನ್ನ ಲ್ಯಾಪ್‌ಟಾಪನ್ನು ನೋಡುವ ಕಣ್ಣೇ ಬದಲಾಯಿತು. ಡೆಸ್ಕ್‌ಟಾಪ್‌ನಲ್ಲಿ ಒಂದೊಂದಕ್ಕೂ ಒಂದೊಂದು ಮೂಲೆ ಇರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಎಲ್ಲವೂ ಒಂದು ಗೇಣಿನ ಅಂಚಿನೊಳಗೆ ಒತ್ತೊತ್ತಾಗಿ ಕೂತಿವೆ, ಸಣ್ಣ ಮನೆಯಲ್ಲಿ ದೊಡ್ಡ ಸಂಸಾರ ಇದ್ದ ಹಾಗೆ. ಡಿಸ್ಕಿನ ಗದ್ದಲ ಡಾಂಗಲ್‌ಗೆ, ಫ್ಯಾನಿನ ಬಿಸಿ ನನ್ನ ಕೈಗೆ. ಹೌದು, ಫ್ಯಾನ್. ನನ್ನದರಲ್ಲಿ ಬಿಸಿಗಾಳಿಯ ಬಾಯಿ ಇರುವುದು ಬಲಬದಿಗೆ, ಸರಿಯಾಗಿ ಮೌಸ್ ಹಿಡಿಯುವ ಕೈ ಇರುವಲ್ಲಿ. ದೊಡ್ಡ ಆಟ ಹಾಕಿದರೆ ಹತ್ತು ನಿಮಿಷಕ್ಕೆ ಬೆರಳು ಬೆಚ್ಚಗಾಗುತ್ತವೆ, ಅರ್ಧ ಗಂಟೆಗೆ ಅಂಗೈ ಬೆವರಿ ಮೌಸ್ ಜಾರುತ್ತದೆ. ಇದನ್ನು ಡಿಸೈನ್ ಮಾಡಿದವರು ಎಡಗೈಯವರಿರಬೇಕು. ಲ್ಯಾಪ್‌ಟಾಪನ್ನು ಸ್ವಲ್ಪ ಎಡಕ್ಕೆ ಸರಿಸಿ, ಓರೆಯಾಗಿಟ್ಟು, ಮೌಸ್‌ಗೆ ಒಂದು ಮೊಳ ಜಾಗ ಬಿಟ್ಟ ಮೇಲೆ ನೆಮ್ಮದಿ.

ಒಂದೇ ಪೋರ್ಟಿಗೆ ಹಬ್ ಚುಚ್ಚಿ, ಆ ಹಬ್‌ಗೆ ಡಿಸ್ಕ್, ಪೆನ್ ಡ್ರೈವ್, ಡಾಂಗಲ್ ಎಲ್ಲ ಚುಚ್ಚುವವರಿಗೆ ಒಂದು ಮಾತು. ತೆಳ್ಳಗಿನ ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಟೈಪ್-ಸಿ ಪೋರ್ಟ್ ಬಿಟ್ಟರೆ ಬೇರೆ ಇರುವುದಿಲ್ಲವಾದ್ದರಿಂದ ಇದು ಜಾಸ್ತಿ. ಡಾಂಗಲ್‌ಗೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಬೇರೆ ಪೋರ್ಟ್ ಇದ್ದರೆ ಡಾಂಗಲನ್ನು ಎದುರು ಬದಿಗೆ ಹಾಕಿ. ಮನೆಯ ವೈಫೈ 5 ಗಿಗಾಹರ್ಟ್ಸ್ ಕೊಡುವುದಾದರೆ ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿ, ಮೌಸ್‌ನ ಬೀದಿಯಲ್ಲಿ ಅಷ್ಟು ಜನ ಕಡಿಮೆ.

ಅಂದ ಹಾಗೆ, ಮೊದಲ ಮೌಸ್‌ಗೆ ಇಂಥ ತಾಪತ್ರಯ ಇರಲಿಲ್ಲ. 1964ರಲ್ಲಿ ಅಮೆರಿಕದ ಎಂಜಿನಿಯರ್ ಡಗ್ಲಸ್ ಎಂಗಲ್‌ಬಾರ್ಟ್ ಯೋಚಿಸಿ ಬಿಲ್ ಇಂಗ್ಲಿಷ್ ಕಟ್ಟಿದ ಅದು ಮರದ ಡಬ್ಬಿ, ಕೆಳಗೆ ಅಡ್ಡಕ್ಕೊಂದು ಉದ್ದಕ್ಕೊಂದು ಚಕ್ರ, ಮೇಲೆ ಒಂದೇ ಬಟನ್. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಂಗಲ್‌ಬಾರ್ಟ್ ಎಲ್ಲರ ಮುಂದೆ ಮೌಸ್ ಬಳಸಿ ತೋರಿಸಿದರು. ಬಾಲದ ಹಾಗೆ ತಂತಿ ಇದ್ದದ್ದಕ್ಕೆ ಇಲಿ ಎಂದರಂತೆ. ಈಗ ನನ್ನ ಕೈಯಲ್ಲಿರುವುದು ಬಾಲ ಕತ್ತರಿಸಿದ ಇಲಿ. ಚಾರ್ಜ್ ಮುಗಿದಾಗ ಕೇಬಲ್ ಚುಚ್ಚಿದರೆ ಮತ್ತೆ ಬಾಲ ಬೆಳೆಯುತ್ತದೆ, ಕೆಲಸವೂ ನಿಲ್ಲುವುದಿಲ್ಲ. ಕೊಳ್ಳುವವರು ಚಾರ್ಜಿಂಗ್ ತೂತು ಮೂತಿಯ ಕಡೆ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಜಾಗದ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಈ ಮೌಸ್ ನನ್ನಿಂದ ಕಸಿದುಕೊಂಡದ್ದು ಅದನ್ನೇ. ಮುಂಚೆ ಲ್ಯಾಪ್‌ಟಾಪ್ ಹೆಸರಿಗೆ ತಕ್ಕ ಹಾಗೆ ತೊಡೆಯ ಮೇಲೇ ಇರುತ್ತಿತ್ತು. ಸೋಫಾ, ಹಾಸಿಗೆ, ಕಿಟಕಿ ಪಕ್ಕದ ನೆಲ, ಎಲ್ಲಿ ಕೂತರೆ ಅಲ್ಲಿ ಆಫೀಸು. ಮೌಸ್ ಬಂದ ಮೇಲೆ ಅದಕ್ಕೆ ಸಮತಟ್ಟು ಬೇಕಾಯಿತು. ಮೊದಮೊದಲು ಹಾಸಿಗೆಯ ಮೇಲೆ ದಪ್ಪ ರಟ್ಟಿನ ಪುಸ್ತಕ ಇಟ್ಟು ಅದರ ಮೇಲೆ ಆಡಿಸಿದೆ. ಪುಸ್ತಕದ ಹೊದಿಕೆ ಹೊಳೆಯುತ್ತಿತ್ತು, ಬಾಣ ನಡುಗಿತು. ಗಾಜಿನ ಮೇಜಿನ ಮೇಲೆ ಇಟ್ಟರೆ ಅಲುಗಲೇ ಇಲ್ಲ. ಮೌಸ್ ಹೊಟ್ಟೆಯಲ್ಲಿರುವುದು ಒಂದು ಪುಟ್ಟ ಕ್ಯಾಮೆರಾ. ದೀಪ ಹಾಕಿಕೊಂಡು ಕೆಳಗಿನ ನೆಲದ ಫೋಟೋವನ್ನು ಸೆಕೆಂಡಿಗೆ ಸಾವಿರಾರು ಸಲ ತೆಗೆಯುತ್ತದೆ. ಹಿಂದಿನ ಫೋಟೋದಲ್ಲಿದ್ದ ಗೀರು, ಚುಕ್ಕೆ, ನೂಲು ಈ ಫೋಟೋದಲ್ಲಿ ಎಷ್ಟು ಸರಿದಿದೆ ಅಂತ ನೋಡಿ ಚಲನೆ ಲೆಕ್ಕ ಹಾಕುತ್ತದೆ. ಗಾಜಿನಲ್ಲಿ ನೋಡಲು ಗೀರೇ ಇಲ್ಲದಿದ್ದರೆ ಪಾಪ ಅದಾದರೂ ಏನು ಹೇಳಬೇಕು. ಕೊನೆಗೆ ಬಟ್ಟೆಯ ಮೌಸ್ ಪ್ಯಾಡ್, ಅದಕ್ಕೊಂದು ಮೇಜು, ಮೇಜಿಗೊಂದು ಕುರ್ಚಿ. ತೊಡೆಯಿಂದ ಲ್ಯಾಪ್‌ಟಾಪ್ ಇಳಿದೇ ಹೋಯಿತು. ಬೆನ್ನಿಗೆ ಇದರಿಂದ ಒಳ್ಳೆಯದೇ ಆಗಿದೆ. ಆದರೂ ಮಳೆ ಬರುವಾಗ ಕಿಟಕಿ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತು ಕೆಲಸ ಮಾಡುವ ಸುಖ ನೆನಪಾದರೆ, ಮೌಸನ್ನು ಮೇಜಿನ ಮೇಲೇ ಬಿಟ್ಟು ಎದ್ದು ಹೋಗುತ್ತೇನೆ.

ಹೀಗೆ ಹೋದಾಗ ಒಂದು ಕಿರಿಕಿರಿ. ಮೌಸ್ ಇದ್ದಾಗ ಟಚ್‌ಪ್ಯಾಡ್ ಆಫ್ ಇರಲಿ ಅಂತ ಸೆಟ್ಟಿಂಗ್‌ನಲ್ಲಿ ಮಾಡಿಟ್ಟಿದ್ದೆ, ಟೈಪ್ ಮಾಡುವಾಗ ಅಂಗೈ ತಾಗಿ ಕರ್ಸರ್ ಎಲ್ಲೋ ಹಾರಬಾರದು ಅಂತ. ಆದರೆ ವಿಂಡೋಸ್ ನೋಡುವುದು ಡಾಂಗಲ್ ಚುಚ್ಚಿದೆಯೋ ಇಲ್ಲವೋ ಅನ್ನುವುದನ್ನು. ಮೌಸ್ ಒಳಗಿನ ಕೋಣೆಯಲ್ಲಿ ಮಲಗಿದ್ದರೂ ಡಾಂಗಲ್ ನನ್ನ ಜತೆ ಬಂದಿತ್ತು, ಟಚ್‌ಪ್ಯಾಡ್ ಸತ್ತಿತ್ತು. ಎರಡೂ ಇಲ್ಲದೆ ಐದು ನಿಮಿಷ ಬೆಪ್ಪಾಗಿ ಕೂತಿದ್ದೆ.

ಇನ್ನು ಡಿಪಿಐ. ಡಬ್ಬಿಯ ಮೇಲೆ ಅತಿ ದೊಡ್ಡ ಅಕ್ಷರದಲ್ಲಿ ಇರುವುದು ಇದೇ, ಅತಿ ಕಡಿಮೆ ಉಪಯೋಗಕ್ಕೆ ಬರುವುದೂ ಇದೇ. ಒಂದು ಇಂಚು ಸರಿಸಿದರೆ ಮೌಸ್ ಎಷ್ಟು ಹೆಜ್ಜೆ ಎಣಿಸುತ್ತದೆ ಅನ್ನುವ ಲೆಕ್ಕ ಅದು. ವಿಂಡೋಸ್‌ನ ವೇಗದ ಪಟ್ಟಿ ನಡುವಿನಲ್ಲಿದ್ದು, ಎನ್ಹಾನ್ಸ್ ಪಾಯಿಂಟರ್ ಪ್ರಿಸಿಷನ್ ಅನ್ನುವುದು ಆಫ್ ಇದ್ದರೆ, ಒಂದು ಹೆಜ್ಜೆಗೆ ಒಂದು ಪಿಕ್ಸೆಲ್. ನನ್ನ ಪರದೆಯ ಅಗಲ 1920 ಪಿಕ್ಸೆಲ್. 800 ಡಿಪಿಐಗೆ ಈ ತುದಿಯಿಂದ ಆ ತುದಿಗೆ ಹೋಗಲು 2.4 ಇಂಚು ಕೈ ಸರಿಯಬೇಕು. 1600ಕ್ಕೆ 1.2 ಇಂಚು. ಡಬ್ಬಿಯಲ್ಲಿ ಹೇಳುವ 25,600 ಇಟ್ಟರೆ ಒಂದು ಇಂಚಿಗೆ ಪರದೆಯನ್ನು ಹದಿಮೂರು ಸಲ ದಾಟಬಹುದು. ಸೀನಿದರೂ ಬಾಣ ಕಳೆದುಹೋಗುತ್ತದೆ. ಇಕ್ಕಟ್ಟು ಜಾಗಕ್ಕೆ 1600 ನನಗೆ ಸರಿ ಅನಿಸಿತು, ಆಟಕ್ಕೆ ಕೂತಾಗ 800. ಆ ಪ್ರಿಸಿಷನ್ ಅನ್ನುವುದರ ಹೆಸರು ನಂಬಬೇಡಿ. ನಿಧಾನಕ್ಕೆ ಸರಿಸಿದರೆ ಬಾಣ ಕಡಿಮೆ ದೂರ, ರಪ್ಪನೆ ಸರಿಸಿದರೆ ಜಾಸ್ತಿ ದೂರ ಹೋಗುವ ಹಾಗೆ ಮಾಡುತ್ತದೆ ಅದು. ಶೀಟಿನ ಕೆಲಸಕ್ಕೆ ಕೆಟ್ಟದ್ದಲ್ಲ. ಆಟದಲ್ಲಿ ಮಾತ್ರ ಕೈಗೆ ಅಂದಾಜೇ ಕೂರುವುದಿಲ್ಲ.

ನನ್ನ ದಿನದ ಕೆಲಸಕ್ಕೆ ನಿಜವಾಗಿ ಒದಗಿದ್ದು ಹೆಬ್ಬೆರಳಿನ ಆ ಎರಡು ಬಟನ್. ಆಟದಲ್ಲಿ ಅವು ಗುಂಡು ತುಂಬಲು, ಚಾಕು ಎತ್ತಲು. ನನಗೆ ಒಂದು ಕಾಪಿ, ಒಂದು ಪೇಸ್ಟ್. ಒಂದು ಶೀಟಿನಿಂದ ಇನ್ನೊಂದಕ್ಕೆ ನೂರಾರು ಸಾಲು ಎತ್ತಿ ಹಾಕುವವರಿಗೆ ಇದರ ಬೆಲೆ ಗೊತ್ತಾಗುತ್ತದೆ, ಎಡಗೈ ಕೀಬೋರ್ಡ್ ಬಿಟ್ಟು ಗಲ್ಲಕ್ಕೆ ಹೋಗಿ ಕೂರಬಹುದು. ಬಟನ್ ಬದಲಿಸಲು ಕಂಪನಿಯ ಸಾಫ್ಟ್‌ವೇರ್ ಬೇಕು, ಅದೋ ಬಾಡಿಗೆಗೆ ಬಂದವನು ಮನೆ ತನ್ನದೇ ಅನ್ನುವ ಹಾಗೆ ಲ್ಯಾಪ್‌ಟಾಪ್ ಆನ್ ಆದ ಕೂಡಲೇ ತಾನೂ ಎದ್ದು, ಮೆಮೊರಿ ತಿಂದು, ಅಪ್‌ಡೇಟ್ ಕೇಳುತ್ತಾ ಕೂರುತ್ತದೆ. ಅದೃಷ್ಟಕ್ಕೆ ತುಂಬಾ ಗೇಮಿಂಗ್ ಮೌಸ್‌ಗಳಿಗೆ ಒಳಗೇ ಪುಟ್ಟ ಮೆಮೊರಿ ಇರುತ್ತದೆ. ಒಮ್ಮೆ ಸೆಟ್ ಮಾಡಿ, ಮೌಸ್‌ಗೇ ಸೇವ್ ಮಾಡಿ, ಸಾಫ್ಟ್‌ವೇರ್ ತಾನಾಗಿ ಏಳದ ಹಾಗೆ ಮಾಡಿದೆ. ಅದಕ್ಕೂ ಮುಂಚೆ ಆ ದೀಪವನ್ನೂ ಆರಿಸಿದೆ. ಅಂಗೈ ಕೆಳಗೆ ಬಣ್ಣ ಬಣ್ಣ ಮಿಂಚಿದರೆ ನೋಡುವವರು ಯಾರು, ಬ್ಯಾಟರಿ ಖರ್ಚು ಬೇರೆ.

ವರದಿಯ ವೇಗವನ್ನೂ ಸೆಕೆಂಡಿಗೆ 1000ದಿಂದ 250ಕ್ಕೆ ಇಳಿಸಿದ್ದೇನೆ. ಪ್ರತಿ ವರದಿಗೂ ಮೌಸ್‌ನ ರೇಡಿಯೋ ಏಳಬೇಕು, ಲ್ಯಾಪ್‌ಟಾಪ್‌ನ ಪ್ರೊಸೆಸರ್ ಗಮನ ಕೊಡಬೇಕು. ಎರಡೂ ಬ್ಯಾಟರಿಯ ಮೇಲೆ ಓಡುವಾಗ ಶೀಟ್ ಕೆಳಗೆ ಎಳೆಯಲು ಇಷ್ಟು ಅವಸರ ಯಾಕೆ? ಆಟದ ದಿನ ಮತ್ತೆ ಏರಿಸುತ್ತೇನೆ, ಸೋಲುವುದಕ್ಕೂ ಪೂರ್ತಿ ವೇಗದಲ್ಲೇ ಸೋಲೋಣ ಅಂತ. ಇನ್ನೊಂದು ಸಣ್ಣ ತೊಡಕು, ಚಾರ್ಜರ್ ತೆಗೆದಾಗ ಮಾತ್ರ ಕಾಣಿಸುವುದು. ಸ್ವಲ್ಪ ಹೊತ್ತು ಸುಮ್ಮನಿದ್ದು ಮೌಸ್ ಮುಟ್ಟಿದರೆ ಒಂದು ಕ್ಷಣ ಬಾಣ ಏಳುವುದೇ ಇಲ್ಲ. ಮೌಸ್ ತಾನೂ ನಿದ್ದೆ ಹೋಗುತ್ತದೆ, ವಿಂಡೋಸ್ ಕೂಡ ಕರೆಂಟ್ ಉಳಿಸಲು ಪೋರ್ಟನ್ನು ಮಲಗಿಸುತ್ತದೆ. ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅಂತ ಇರುತ್ತದೆ, ಅದನ್ನು ಆಫ್ ಮಾಡಿದ ಮೇಲೆ ನನಗೆ ಅರ್ಧ ವಾಸಿ.

ಬ್ಲೂಟೂತ್ ಬಗ್ಗೆ ಕೇಳುವವರು ಇದ್ದೇ ಇರುತ್ತಾರೆ. ಡಾಂಗಲ್ ಗೋಳೇ ಬೇಡ ಅನ್ನುವುದಾದರೆ ಅದೂ ಸರಿಯೇ, ಪೋರ್ಟ್ ಒಂದು ಉಳಿಯುತ್ತದೆ. ಸಾಮಾನ್ಯವಾಗಿ ಬ್ಲೂಟೂತ್ ಮೌಸ್ 7.5 ಮಿಲಿಸೆಕೆಂಡಿಗಿಂತ ಬೇಗ ಬೇಗ ವರದಿ ಕೊಡುವುದಿಲ್ಲ, ಅಂದರೆ ಆಟಕ್ಕೆ ಅಷ್ಟಕ್ಕಷ್ಟೇ, ಕೆಲಸಕ್ಕೆ ಧಾರಾಳ. ನನ್ನದು ಎರಡೂ ಇರುವ ಮೌಸ್ ಆಗಿದ್ದರೆ ಒಂದು ಪ್ರಯಾಣದಲ್ಲಿ ಬಚಾವಾಗುತ್ತಿದ್ದೆ. ಮೌಸ್, ಪ್ಯಾಡ್, ಚಾರ್ಜಿಂಗ್ ಕೇಬಲ್ ಎಲ್ಲ ನೆನಪಿಟ್ಟು ಚೀಲಕ್ಕೆ ತುಂಬಿ, ಡಾಂಗಲನ್ನು ಮಾತ್ರ ಮನೆಯ ಮೇಜಿನ ಮೇಲೆ, ಆ ಘನವಾದ ಎಕ್ಸ್‌ಟೆನ್ಷನ್ ಕೇಬಲ್ ತುದಿಯಲ್ಲೇ ಬಿಟ್ಟು ಬಂದಿದ್ದೆ. ನಾಲ್ಕು ದಿನ ಬಾಲ ಚುಚ್ಚಿಕೊಂಡೇ ಕೆಲಸ. ಡಾಂಗಲ್ ಮುಚ್ಚಿಡಲು ಮೌಸ್ ಹೊಟ್ಟೆಯಲ್ಲಿ ಗೂಡು ಯಾಕಿದೆ ಅಂತ ಆಗ ತಿಳಿಯಿತು.

ಹಳೆಯ ಡಾಂಗಲ್ ಇಟ್ಟುಕೊಂಡವರು ಅದರೊಳಗಿನ ಸಾಫ್ಟ್‌ವೇರ್‌ಗೆ, ಅಂದರೆ ಫರ್ಮ್‌ವೇರ್‌ಗೆ, ಕಂಪನಿಯ ಫರ್ಮ್‌ವೇರ್ ಅಪ್‌ಡೇಟ್ ಇದೆಯಾ ಅಂತಲೂ ನೋಡಿ. 2016ರಲ್ಲಿ ಮೌಸ್‌ಜ್ಯಾಕ್ ಅಂತ ಒಂದು ದೋಷ ಬೆಳಕಿಗೆ ಬಂದಿತ್ತು. ದೂರದಲ್ಲಿ ಕೂತವರು ಕೆಲವು ಮೌಸ್‌ನ ಡಾಂಗಲ್‌ಗೆ ಕೀಬೋರ್ಡಿನ ಅಕ್ಷರಗಳನ್ನು ಕಳಿಸಿ, ನಿಮ್ಮ ಕಂಪ್ಯೂಟರಿನಲ್ಲಿ ನೀವೇ ಟೈಪ್ ಮಾಡಿದ ಹಾಗೆ ಮಾಡಬಹುದಿತ್ತು. ಇಲಿಯ ಬಿಲದಿಂದ ಹಾವು ಬಂದ ಹಾಗೆ.

ಈಗ ಹೊಸ ತಲೆನೋವು ಶುರುವಾಗಿದೆ. ಮೊನ್ನೆಯಿಂದ ಎಡ ಬಟನ್ ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದ ಲೆಕ್ಕ. ಫೋಲ್ಡರ್ ಆರಿಸೋಣ ಅಂದರೆ ತೆರೆದುಕೊಳ್ಳುತ್ತದೆ, ಎಳೆಯೋಣ ಅಂದರೆ ನಡುದಾರಿಯಲ್ಲಿ ಕೈಬಿಡುತ್ತದೆ. ಒಳಗಿನ ಪುಟ್ಟ ಸ್ವಿಚ್‌ಗೆ 2 ಕೋಟಿ ಕ್ಲಿಕ್ ಆಯಸ್ಸು ಅಂತೆ. ದಿನಕ್ಕೆ 5000 ಕ್ಲಿಕ್ ಅಂದುಕೊಂಡರೂ 4000 ದಿನ, ಹತ್ತು ವರ್ಷದ ಮೇಲಾಯಿತು. ಆದರೆ ಸ್ವಿಚ್ ಪೂರ್ತಿ ಸಾಯುವ ಎಷ್ಟೋ ಮುಂಚೆಯೇ ಒಳಗಿನ ತೆಳು ತಗಡು ಸೋತು, ಅದು ತಾಗುವ ಜಾಗ ಕೊಳೆಯಾಗಿ, ಒಮ್ಮೆ ತಾಗುವ ಬದಲು ತಾಗಿ ಬಿಟ್ಟು ಮತ್ತೆ ತಾಗುತ್ತದೆ. ಈ ಸಲ ಡಾಂಗಲ್ ಜಾಗ ಬದಲಿಸಿ ನೋಡಿದೆ, ಡಿಸ್ಕ್ ತೆಗೆದು ನೋಡಿದೆ, ಪೇಂಟ್‌ನಲ್ಲಿ ಸೊನ್ನೆಯನ್ನೂ ಸುತ್ತಿದೆ. ಸೊನ್ನೆ ದುಂಡಗೇ ಇದೆ. ತಮ್ಮನಿಗೆ ಫೋನ್ ಮಾಡಿದರೆ "ಬಿಚ್ಚಿ ಸ್ವಿಚ್ ಬದಲಿಸಿಕೊಡ್ತೀನಿ, ಬರೋವರೆಗೂ ಮುಟ್ಬೇಡ ಅಕ್ಕಾ" ಎಂದಿದ್ದಾನೆ. ಮುಟ್ಟದೆ ಇರಲು ಆಗುತ್ತಾ? ಪೇಸ್ಟ್ ಬಟನ್‌ಗೆ ಎಡ ಕ್ಲಿಕ್ ಕೂರಿಸಿಕೊಂಡಿದ್ದೇನೆ. ಈ ಇಡೀ ಬರಹದಲ್ಲಿ ಕ್ಲಿಕ್ ಮಾಡಿದ್ದೆಲ್ಲ ಹೆಬ್ಬೆರಳಿನಲ್ಲೇ.